ಸೋತವರ ತೂಕ

1970ರ ಜನವರಿಯ ಒಂದು ರಾತ್ರಿ ಅಮೆರಿಕದ ಜನ ಟಿಕೆಟ್ ಕೊಂಡು ಚಿತ್ರಮಂದಿರಗಳಲ್ಲಿ ಕೂತು, ಎಂದೂ ನಡೆಯದ ಒಂದು ಬಾಕ್ಸಿಂಗ್ ಪಂದ್ಯವನ್ನು ನೋಡಿದರು. ಒಂದು ಕಡೆ ರಾಕಿ ಮಾರ್ಸಿಯಾನೊ. ಆಡಿದ 49 ಪಂದ್ಯಗಳನ್ನೂ ಗೆದ್ದು, ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತನಾದವನು. ಇನ್ನೊಂದು ಕಡೆ ಮಹಮ್ಮದ್ ಅಲಿ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದೆ ಪಟ್ಟ ಕಳೆದುಕೊಂಡು, 1967ರಿಂದ ರಿಂಗಿನ ಹೊರಗೇ ಉಳಿದವನು. ಇಬ್ಬರೂ ಹೆವಿವೇಟ್ ಚಾಂಪಿಯನ್ನರು, ಆದರೆ ಬೇರೆ ಬೇರೆ ಕಾಲದವರು. ಇವರಲ್ಲಿ ಯಾರು ಹೆಚ್ಚು ಎಂಬ ಜಗಳ ಬಗೆಹರಿಸಲು ಇಬ್ಬರ ಅಂಕಿಅಂಶಗಳನ್ನೂ ಕಂಪ್ಯೂಟರಿಗೆ ಕೊಟ್ಟರು. 45 ದಾಟಿದ್ದ ಮಾರ್ಸಿಯಾನೊ ಮೈ ಕರಗಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದ. ಇಬ್ಬರನ್ನೂ ರಿಂಗಿಗಿಳಿಸಿ, ಹತ್ತಾರು ಸುತ್ತುಗಳನ್ನು ಬೇರೆ ಬೇರೆ ಕೊನೆಗಳೊಂದಿಗೆ ಚಿತ್ರಿಸಿಕೊಂಡರು. ಕಂಪ್ಯೂಟರ್ ಹೇಳಿದ ಕೊನೆಯನ್ನು ಜೋಡಿಸಿದರು. ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೊ ಅಲಿಯನ್ನು ಕೆಡವಿದ.

ಆ ಗೆಲುವನ್ನು ಮಾರ್ಸಿಯಾನೊ ನೋಡಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಇನ್ನೊಂದು ಸಂಗತಿಯಿದೆ: ಬ್ರಿಟನ್ನಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದವನು ಅಲಿ. ಒಂದೇ ಪಂದ್ಯ, ಸಮುದ್ರದ ಈಚೆಗೊಂದು ಫಲಿತಾಂಶ, ಆಚೆಗೊಂದು. ಆ ಕಂಪ್ಯೂಟರನ್ನು ಅಲಬಾಮಾದಲ್ಲಿ ತಯಾರಿಸಿರಬೇಕು ಎಂದು ಅಲಿ ತಮಾಷೆ ಮಾಡಿದ್ದ. ಅಲಬಾಮಾ ಎಂದರೆ ಆಗ ಕಪ್ಪು ಜನರ ಮೇಲಿನ ದ್ವೇಷಕ್ಕೆ ಇನ್ನೊಂದು ಹೆಸರು. ಯಂತ್ರವನ್ನು ಕೇಳಿದರೂ ಉತ್ತರ ಹೊರಡುವುದು ಕೇಳಿದವನ ಊರಿನಿಂದಲೇ ಎಂಬುದು ಆ ತಮಾಷೆಯ ತಿರುಳು.

ಈ ಕಥೆಯನ್ನು ನಾನು ಮೊದಲು ಓದಿದ್ದು ಹಾಸ್ಟೆಲ್ ದಿನಗಳಲ್ಲಿ. ನನಗೂ ನನ್ನ ರೂಮ್‌ಮೇಟಿಗೂ ಬಾಕ್ಸಿಂಗ್ ನೋಡುವ ಚಟ ಹತ್ತಿತ್ತು. ಇಬ್ಬರಲ್ಲಿ ಒಬ್ಬರೂ ಗ್ಲೌಸ್ ಮುಟ್ಟಿದವರಲ್ಲ. ರಾತ್ರಿ ಊಟ ಮುಗಿದ ಮೇಲೆ ಫೋನನ್ನು ಲೋಟಕ್ಕೆ ಒರಗಿಸಿಟ್ಟು ಹಳೆಯ ಪಂದ್ಯಗಳನ್ನು ನೋಡುವುದು, ಆಮೇಲೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪಟ್ಟಿ ಮಾಡುವುದು. ಹೆವಿವೇಟ್‌ನಲ್ಲಿ ಯಾವ ದಶಕ ಬಲಶಾಲಿ? ಮಿಡಲ್‌ವೇಟ್‌ನಲ್ಲಿ? ನಾನು ಪ್ರತಿ ಸಲವೂ ಎಪ್ಪತ್ತರ ದಶಕದ ಹೆವಿವೇಟನ್ನು ಮೊದಲು ಬರೆಯುತ್ತಿದ್ದೆ. ಅವನು ಅದನ್ನು ಹೊಡೆದುಹಾಕುತ್ತಿದ್ದ. ಆ ಪಟ್ಟಿಗಳ ಹಿಂದೆ ಒಂದು ನೈತಿಕ ಪ್ರಶ್ನೆ ಅಡಗಿದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಮೊದಲು ತಕ್ಕಡಿಯ ಮಾತು. ತೂಕದ ವಿಭಾಗ ಎನ್ನುವುದೇ ಬಾಕ್ಸಿಂಗ್ ಕಂಡುಕೊಂಡ ಒಂದು ನ್ಯಾಯ. ಐವತ್ತು ಕೆ.ಜಿ.ಯವನನ್ನು ತೊಂಬತ್ತು ಕೆ.ಜಿ.ಯವನ ಎದುರು ನಿಲ್ಲಿಸಿದರೆ ಅದು ಆಟವಲ್ಲ, ಹಿಂಸೆ. ಹಾಗಾಗಿ ಫ್ಲೈವೇಟ್‌ನಿಂದ ಹೆವಿವೇಟ್‌ವರೆಗೆ ಎಂಟು ವಿಭಾಗಗಳು ಬಹುಕಾಲ ನಿಂತವು. ವೆಲ್ಟರ್‌ವೇಟ್ ಎಂದರೆ 147 ಪೌಂಡ್, ಮಿಡಲ್‌ವೇಟ್ ಎಂದರೆ 160. ನಿನ್ನ ಮೈ ಎಷ್ಟಿದೆಯೋ ಅಷ್ಟರವನ ಎದುರೇ ನಿನ್ನ ಕೌಶಲವನ್ನು ಅಳೆಯುತ್ತೇವೆ, ಹುಟ್ಟಿನಿಂದ ಬಂದದ್ದಕ್ಕೆ ನಿನ್ನನ್ನು ದಂಡಿಸುವುದಿಲ್ಲ ಎಂಬ ಮಾತು ಅದು.

ಹೀಗೆ ನ್ಯಾಯಕ್ಕಾಗಿ ಹುಟ್ಟಿದ ಸಂಖ್ಯೆಗಳನ್ನು ಹಿಡಿದು ನಾವು ಕಾಲದಾಚೆಗೆ ಅಳೆಯಲು ಹೊರಡುತ್ತೇವೆ. ಅಲ್ಲಿ ಅವು ಕೈಕೊಡುತ್ತವೆ. 1952ರಲ್ಲಿ ಪಟ್ಟ ಗೆದ್ದಾಗ ಮಾರ್ಸಿಯಾನೊ ತೂಗಿದ್ದು 184 ಪೌಂಡ್, ಸುಮಾರು 83 ಕೆ.ಜಿ. ಇಂದು ಹೆವಿವೇಟ್ ಶುರುವಾಗುವುದೇ 200 ಪೌಂಡಿನ ಮೇಲೆ. ಮಾರ್ಸಿಯಾನೊ ಈಗ ಬಂದರೆ ಅವನನ್ನು ಕೆಳಗಿನ ಕ್ರೂಸರ್‌ವೇಟ್‌ಗೆ ಕಳಿಸುತ್ತಾರೆ. ಅವನ ಕಾಲದಲ್ಲಿ ಆ ಹೆಸರಿನ ವಿಭಾಗವೇ ಇರಲಿಲ್ಲ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಉಕ್ರೇನಿನ ಉಸಿಕ್ ಎದುರು ನಿಂತ ಟೈಸನ್ ಫ್ಯೂರಿಯ ತೂಕ 262 ಪೌಂಡ್.

ಸಂಖ್ಯೆ ಬದಲಾಗದ ಕಡೆಯೂ ಅದರ ಅರ್ಥ ಬದಲಾಗಿದೆ. ಹಿಂದೆ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. 147 ಎಂದರೆ ರಿಂಗಿನಲ್ಲೂ ಹೆಚ್ಚುಕಡಿಮೆ 147. ಎಂಬತ್ತರ ದಶಕದಿಂದೀಚೆಗೆ ಹಿಂದಿನ ದಿನವೇ ತೂಗುವ ಪದ್ಧತಿ ಬಂತು. ಈಗಿನ ಬಾಕ್ಸರ್ ಬೆವರಿಳಿಸಿ, ನೀರು ಬಿಟ್ಟು, ತಕ್ಕಡಿಯ ಮೇಲೆ ಒಂದು ಕ್ಷಣ 147 ಆಗಿ ನಿಂತು, ಮರುದಿನಕ್ಕೆ ಉಂಡು ಕುಡಿದು ದಪ್ಪಗಾಗಿ ಬರುತ್ತಾನೆ. ವಿಭಾಗದ ಹೆಸರು ಅದೇ, ಒಳಗಿರುವ ಮೈ ಬೇರೆ.

ಪಟ್ಟಗಳ ಲೆಕ್ಕವೂ ಹೀಗೆಯೇ. ಹೆನ್ರಿ ಆರ್ಮ್‌ಸ್ಟ್ರಾಂಗ್ 1937ರ ಅಕ್ಟೋಬರಿನಿಂದ 1938ರ ಆಗಸ್ಟ್‌ವರೆಗೆ, ಒಂದು ವರ್ಷದೊಳಗೆ, ಫೆದರ್‌ವೇಟ್, ವೆಲ್ಟರ್‌ವೇಟ್, ಲೈಟ್‌ವೇಟ್ ಮೂರನ್ನೂ ಗೆದ್ದು ಏಕಕಾಲಕ್ಕೆ ಇಟ್ಟುಕೊಂಡ. ಇದ್ದದ್ದು ಎಂಟೇ ವಿಭಾಗ. ಫಿಲಿಪ್ಪೀನ್ಸಿನ ಮ್ಯಾನಿ ಪಕ್ವಿಯಾವ್ ಎಂಟು ವಿಭಾಗಗಳಲ್ಲಿ ಪಟ್ಟ ಗೆದ್ದ. ಆದರೆ ಅವನ ಕಾಲಕ್ಕೆ ವಿಭಾಗಗಳು ಹದಿನೇಳು, ಪಟ್ಟ ಹಂಚುವ ದೊಡ್ಡ ಸಂಸ್ಥೆಗಳು ನಾಲ್ಕು. ಮೂರು ದೊಡ್ಡದೋ ಎಂಟು ದೊಡ್ಡದೋ? ಪಕ್ವಿಯಾವ್‌ನನ್ನು ಇಳಿಸಲು ಇದನ್ನು ಹೇಳುತ್ತಿಲ್ಲ. 112 ಪೌಂಡಿನಲ್ಲಿ ಮೊದಲ ಪಟ್ಟ ಗೆದ್ದವನು 154ರವರೆಗೆ ಏರಿ ಗೆದ್ದದ್ದು ಯಾವ ಲೆಕ್ಕದಲ್ಲೂ ಸಣ್ಣದಲ್ಲ. ಎರಡು ಸಂಖ್ಯೆಗಳು ಒಂದೇ ಭಾಷೆ ಮಾತಾಡುತ್ತಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಹಾಗಾದರೆ ಹೋಲಿಕೆಯನ್ನೇ ಬಿಡೋಣವೇ? ಬಿಡಬೇಕಿಲ್ಲ, ಪ್ರಶ್ನೆಯನ್ನು ಬದಲಿಸೋಣ ಎಂದುಕೊಂಡೆ. ಇವನು ಅವನನ್ನು ಸೋಲಿಸುತ್ತಿದ್ದನೇ ಎಂದು ಕೇಳುವುದು ಬೇಡ. ಆಯಾ ಕಾಲದಲ್ಲಿ ಆ ವಿಭಾಗದ ಪಟ್ಟ ಗೆಲ್ಲುವುದು ಎಷ್ಟು ಕಷ್ಟವಿತ್ತು ಎಂದು ಕೇಳೋಣ. ಚಾಂಪಿಯನ್ನನನ್ನು ಬಿಟ್ಟು ಅವನ ಎದುರಾಳಿಗಳನ್ನು ನೋಡೋಣ.

ಇಲ್ಲಿ ಒಂದು ವಿಚಿತ್ರ ಸುಳಿಯಿದೆ. ಜೋ ಲೂಯಿಸ್ 1937ರಲ್ಲಿ ಚಾಂಪಿಯನ್ ಆಗಿ ಪಟ್ಟವನ್ನು 25 ಸಲ ಉಳಿಸಿಕೊಂಡ. ಸೋತವರನ್ನು ಪತ್ರಕರ್ತರು ‘ತಿಂಗಳಿಗೊಬ್ಬ ಬಡಪಾಯಿ’ ಎಂದು ಗೇಲಿ ಮಾಡಿದರು. ಎದುರಾಳಿಗಳು ಬಡಪಾಯಿಗಳಾಗಿದ್ದರಿಂದ ಲೂಯಿಸ್ ಗೆದ್ದನೋ, ಲೂಯಿಸ್ ಗೆದ್ದದ್ದರಿಂದ ಅವರು ಬಡಪಾಯಿಗಳಾದರೋ? ವ್ಲಾಡಿಮಿರ್ ಕ್ಲಿಚ್ಕೊ 2006ರಿಂದ 2015ರವರೆಗೆ ಆಳಿದ. ಆ ಕಾಲವನ್ನು ಹೆವಿವೇಟ್‌ನ ಬರಗಾಲ ಎನ್ನುತ್ತಾರೆ. ಅವನಿಗೆ ಸಮನಾಗಿ ನಿಲ್ಲಬಲ್ಲ ಒಬ್ಬನಿದ್ದ, ಅವನ ಸ್ವಂತ ಅಣ್ಣ ವಿಟಾಲಿ. ಒಬ್ಬರ ಮೇಲೊಬ್ಬರು ಎಂದೂ ಕೈಮಾಡುವುದಿಲ್ಲ ಎಂದು ಇಬ್ಬರೂ ತಾಯಿಗೆ ಮಾತು ಕೊಟ್ಟಿದ್ದರು. ತಾಯಿಗೆ ಕೊಟ್ಟ ಮಾತನ್ನು ಉಳಿಸಿಕೊಂಡದ್ದಕ್ಕೆ ಒಂದಿಡೀ ಕಾಲ ದುರ್ಬಲವೆನಿಸಿಕೊಂಡಿತು!

ಎಪ್ಪತ್ತರ ದಶಕ ಇದಕ್ಕೆ ತದ್ವಿರುದ್ಧ. 1971ರಲ್ಲಿ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರಲ್ಲಿ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡು ಸುತ್ತಿನಲ್ಲಿ ಆರು ಸಲ ನೆಲಕ್ಕೆ ಕೆಡವಿದ. ಅದೇ ವರ್ಷ ಕೆನ್ ನಾರ್ಟನ್ ಅಲಿಯ ದವಡೆ ಮುರಿದ. 1974ರಲ್ಲಿ ಅಲಿ ಕಿನ್ಶಾಸಾದಲ್ಲಿ ಫೋರ್‌ಮನ್‌ನನ್ನು ಎಂಟನೇ ಸುತ್ತಿನಲ್ಲಿ ಮಲಗಿಸಿದ. ಒಬ್ಬರನ್ನೊಬ್ಬರು ಸೋಲಿಸಿದ್ದರಿಂದಲೇ ಎಲ್ಲರೂ ದೊಡ್ಡವರಾಗಿ ಕಾಣುತ್ತಾರೆ. ಅಂದರೆ ನಾವು ‘ಬಲಶಾಲಿ ಕಾಲ’ ಎನ್ನುವುದು ಸೋಲು ಚೆನ್ನಾಗಿ ಹಂಚಿಹೋದ ಕಾಲವನ್ನು. ಕಾಲವನ್ನು ತೂಗಬೇಕಾದರೆ ತಕ್ಕಡಿಗೆ ಹಾಕಬೇಕಾದದ್ದು ಸೋತವರನ್ನು.

ಸೋತವರನ್ನು ತೂಗಲು ಹೊರಟರೆ ಸೋಲುವ ಅವಕಾಶವೂ ಸಿಗದವರು ಎದುರಾಗುತ್ತಾರೆ. ಸ್ಯಾಮ್ ಲ್ಯಾಂಗ್‌ಫರ್ಡ್ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ತನಗಿಂತ ಬಹಳ ದೊಡ್ಡ ಮೈಯವರನ್ನು ಕೆಡವುತ್ತಿದ್ದ ಕಪ್ಪು ಬಾಕ್ಸರ್. ಹೆವಿವೇಟ್ ಪಟ್ಟಕ್ಕಾಗಿ ಅವನಿಗೆ ಒಂದು ಪಂದ್ಯವೂ ಸಿಗಲಿಲ್ಲ. 1908ರಲ್ಲಿ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ ಜ್ಯಾಕ್ ಜಾನ್ಸನ್ ಕೂಡ ಅವನಿಗೆ ಆ ಅವಕಾಶ ಕೊಡಲಿಲ್ಲ. ಜಾನ್ಸನ್ 1915ರಲ್ಲಿ ಸೋತ ಮೇಲಂತೂ ಬಾಗಿಲು ಪೂರ್ತಿ ಮುಚ್ಚಿತು. 1937ರಲ್ಲಿ ಜೋ ಲೂಯಿಸ್ ಬರುವವರೆಗೆ, 22 ವರ್ಷ, ಯಾವ ಕಪ್ಪು ಬಾಕ್ಸರನಿಗೂ ಆ ಪಟ್ಟಕ್ಕಾಗಿ ಹೋರಾಡಲು ಬಿಡಲಿಲ್ಲ. ಹ್ಯಾರಿ ವಿಲ್ಸ್ ಜ್ಯಾಕ್ ಡೆಂಪ್ಸಿಗಾಗಿ ವರ್ಷಗಟ್ಟಲೆ ಕಾದು ಮುದುಕನಾದ. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್ ತಮ್ಮತಮ್ಮಲ್ಲೇ ಹದಿನೈದಕ್ಕೂ ಹೆಚ್ಚು ಸಲ ಹೊಡೆದಾಡಿದರು. ಪಟ್ಟ ಹಿಡಿದವರು ಅವರನ್ನು ಕರೆಯುತ್ತಿರಲಿಲ್ಲ. ಲ್ಯಾಂಗ್‌ಫರ್ಡ್ ಕೊನೆಗೆ ಕುರುಡನಾದ.

ನಲವತ್ತರ ದಶಕದ ಮಿಡಲ್‌ವೇಟ್‌ನಲ್ಲೂ ಇದೇ ಕಥೆ. ಚಾರ್ಲಿ ಬರ್ಲಿ 1944ರಲ್ಲಿ ಆರ್ಚಿ ಮೂರ್‌ನಂಥವನನ್ನೇ ಸೋಲಿಸಿದ, ಪಟ್ಟದ ಪಂದ್ಯ ಮಾತ್ರ ಎಂದೂ ಸಿಗಲಿಲ್ಲ. ಪಿಟ್ಸ್‌ಬರ್ಗ್ ನಗರದಲ್ಲಿ ಕಸ ಎತ್ತುವ ಕೆಲಸ ಮಾಡಿ ಬಾಳಿದ. ಅದೇ ನಗರದಲ್ಲಿ ಬೆಳೆದ ನಾಟಕಕಾರ ಆಗಸ್ಟ್ ವಿಲ್ಸನ್ ‘ಫೆನ್ಸಸ್’ ನಾಟಕದಲ್ಲಿ ಅವಕಾಶ ತಪ್ಪಿದ ಒಬ್ಬ ಆಟಗಾರನನ್ನು, ಕಸದ ಗಾಡಿಯ ಕೆಲಸಗಾರನನ್ನು ಚಿತ್ರಿಸಿದ್ದಾನೆ. ಆ ಪಾತ್ರದ ಹಿಂದೆ ಬರ್ಲಿಯ ನೆರಳಿದೆ.

ಆ ಕಾಲದ ದಾಖಲೆಗಳಲ್ಲಿ ಚಾಂಪಿಯನ್ನರ ಹೆಸರುಗಳಿವೆ, ತಾರೀಖುಗಳಿವೆ. ನೋಟ್‌ಬುಕ್ಕಿನಲ್ಲಿ ನಾವು ಕೂಡಿ ಕಳೆಯುತ್ತಿದ್ದುದು ಅವುಗಳನ್ನೇ. ಬಾಗಿಲಾಚೆ ನಿಂತವರು ಲೆಕ್ಕದಲ್ಲಿ ಬರುವುದೇ ಇಲ್ಲ. ನನ್ನ ಪ್ರೀತಿಯ ಎಪ್ಪತ್ತರ ದಶಕವೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಕ್ಯೂಬಾ ವೃತ್ತಿಪರ ಕ್ರೀಡೆಯನ್ನು ನಿಷೇಧಿಸಿತ್ತು. 1972, 1976, 1980ರ ಮೂರು ಒಲಿಂಪಿಕ್ಸ್‌ಗಳಲ್ಲಿ ಹೆವಿವೇಟ್ ಚಿನ್ನ ಗೆದ್ದ ಕ್ಯೂಬಾದ ಸ್ಟೀವನ್ಸನ್ ವೃತ್ತಿಪರ ರಿಂಗಿಗೆ ಬರಲೇ ಇಲ್ಲ. ಸೋವಿಯತ್ ದೇಶದ ಬಾಕ್ಸರುಗಳೂ ಬರುವಂತಿರಲಿಲ್ಲ. ನಾನು ‘ಜಗತ್ತಿನ ಅತಿ ಬಲಶಾಲಿ ವಿಭಾಗ’ ಎಂದು ಬರೆದಿದ್ದು ಅರ್ಧ ಜಗತ್ತನ್ನು ಹೊರಗಿಟ್ಟು.

ಇಷ್ಟು ಹೇಳಿದ ಮೇಲೂ ಎಪ್ಪತ್ತರ ದಶಕದ ಪರವಾಗಿ ನನ್ನ ಬಳಿ ಒಂದು ಸಾಕ್ಷಿಯಿತ್ತು. ಅವನ ಹೆಸರು ಜೆರ್ರಿ ಕ್ವಾರಿ. ಕ್ಯಾಲಿಫೋರ್ನಿಯಾದ ವಲಸೆ ಕೂಲಿಗಳ ಮನೆಯ ಬಿಳಿಯ ಹುಡುಗ, ತೂಕ 200 ಪೌಂಡಿನ ಆಸುಪಾಸು. ಫ್ಲಾಯ್ಡ್ ಪ್ಯಾಟರ್‌ಸನ್‌ನನ್ನು ಸೋಲಿಸಿದ. 1973ರಲ್ಲಿ ಅಲ್ಲಿಯವರೆಗೆ ಸೋಲೇ ಕಾಣದಿದ್ದ ರಾನ್ ಲೈಲ್‌ನನ್ನು ಸೋಲಿಸಿದ. ಅದೇ ವರ್ಷ, ಭಯಂಕರ ಹೊಡೆತಗಾರನೆಂದು ಹೆಸರಾದ ಅರ್ನಿ ಶೇವರ್ಸ್‌ನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ. ಆದರೆ ಅಲಿಯ ಎದುರು ಎರಡು ಸಲ ಸೋತ, ಫ್ರೇಜಿಯರ್ ಎದುರು ಎರಡು ಸಲ, ನಾರ್ಟನ್ ಎದುರು ಒಮ್ಮೆ. ಎರಡು ಸಲ ಪಟ್ಟದ ಹೊಸ್ತಿಲಿಗೆ ಬಂದು ಹಿಂದಿರುಗಿದ. ಅವನು ಬಿಳಿಯನಾದದ್ದರಿಂದ ಪ್ರಚಾರಕ್ಕೆ, ಅವಕಾಶಕ್ಕೆ ಕೊರತೆಯಿರಲಿಲ್ಲ. ಬರ್ಲಿಗೆ ಸಿಗದ್ದೆಲ್ಲ ಅವನಿಗೆ ಸಿಕ್ಕಿತ್ತು. ಆದರೂ ಚಾಂಪಿಯನ್ ಆಗಲಿಲ್ಲ.

“ನೋಡೋ, ಕ್ವಾರಿಯಂಥವನೇ ಚಾಂಪಿಯನ್ ಆಗ್ಲಿಲ್ಲ ಅಂದ್ರೆ ಆ ಕಾಲ ಎಂಥದ್ದಿರಬೇಕು!” ಎಂದೆ ಒಂದು ರಾತ್ರಿ.

ರೂಮ್‌ಮೇಟ್ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಸರಿ ಕಣೋ, ಒಂದು ಮಾತು ಹೇಳು. ನೀನೇ ಬಾಕ್ಸರ್ ಆಗಿ ಹುಟ್ಟಬೇಕು ಅಂತಿಟ್ಕೋ. ಚಾಂಪಿಯನ್ ಆಗಿ ಅಲ್ಲ, ಆರನೇ ಏಳನೇ ಜಾಗದಲ್ಲಿರೋನಾಗಿ. ಯಾವ ಕಾಲ ಬೇಕು ನಿಂಗೆ?”

ನಾನು ತಕ್ಷಣ ‘ಎಪ್ಪತ್ತರ ದಶಕ’ ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಕ್ವಾರಿಯ ಕೊನೆ ನನಗೆ ಗೊತ್ತಿತ್ತು. ಅವನು 1999ರ ಜನವರಿಯಲ್ಲಿ ಸತ್ತ. ವಯಸ್ಸು 53. ಬಹಳ ಮೊದಲೇ ಮಿದುಳು ಕೈಬಿಟ್ಟಿತ್ತು. ಬಟ್ಟೆ ತೊಡಲು, ಊಟ ಮಾಡಲು ಮನೆಯವರ ಕೈ ಬೇಕಾಗಿತ್ತು. ಅವನಂತೆಯೇ ರಿಂಗಿನಲ್ಲಿ ಬಾಳಿದ ತಮ್ಮ ಮೈಕ್ ಕೂಡ ಅದೇ ಬಗೆಯ ಕಾಯಿಲೆಯಿಂದ 2006ರಲ್ಲಿ ಹೋದ. ತಲೆಗೆ ಬಿದ್ದ ಗುದ್ದುಗಳು ಮಿದುಳನ್ನು ಹೀಗೆ ಕೆಡಿಸುತ್ತವೆ ಎಂದು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯ 1928ರಲ್ಲೇ ಬರೆದಿದ್ದ. ಗೊತ್ತಿಲ್ಲದೆ ಆದದ್ದಲ್ಲ ಇದು.

ನ್ಯಾಯದ ಬಗ್ಗೆ ಜಾನ್ ರಾಲ್ಸ್ ಬರೆದ ಪುಸ್ತಕವನ್ನು ನಾನು ಓದಿದ್ದು ಆಮೇಲೆ. ಸಮಾಜದ ನಿಯಮಗಳನ್ನು ಆರಿಸುವಾಗ, ಅದರಲ್ಲಿ ನಮ್ಮ ಜಾಗ ಯಾವುದೆಂದು ನಮಗೇ ಗೊತ್ತಿಲ್ಲ ಎಂದುಕೊಂಡು ಆರಿಸಬೇಕು ಎನ್ನುತ್ತಾನೆ ಅವನು. ಆ ಪುಸ್ತಕ ಬಂದದ್ದು 1971ರಲ್ಲಿ, ಫ್ರೇಜಿಯರ್ ಅಲಿಯನ್ನು ಸೋಲಿಸಿದ ವರ್ಷವೇ. ರೂಮ್‌ಮೇಟ್ ಕೇಳಿದ್ದೂ ಅದೇ ಪ್ರಶ್ನೆ. ನಾವು ಮೆಚ್ಚುವ ಕಾಲ ಒಂದು, ಬದುಕಲು ಆರಿಸುವ ಕಾಲ ಇನ್ನೊಂದು. ಪಟ್ಟಿ ಮಾಡುವಾಗ ನಾನು ಯಾವಾಗಲೂ ಕೂತಿದ್ದು ಪ್ರೇಕ್ಷಕನ ಕುರ್ಚಿಯಲ್ಲಿ. ಅಲ್ಲಿಂದ ‘ಬಲಶಾಲಿ’ ಎಂದು ಕಂಡದ್ದು ರಿಂಗಿನ ಮೂಲೆಯ ಸ್ಟೂಲಿನಿಂದ ಬೇರೆಯೇ ಆಗಿ ಕಂಡಿರಬೇಕು.

ಹಳೆಯ ಕಾಲದ ಅಭಿಮಾನಿಗಳು ಹೇಳುವ ಇನ್ನೊಂದು ಮಾತು: ಆಗ ಪಟ್ಟದ ಪಂದ್ಯ ಹದಿನೈದು ಸುತ್ತು, ಈಗ ಬರೀ ಹನ್ನೆರಡು. ನಾನೂ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಮೂರು ಸುತ್ತು ಕಡಿಮೆಯಾದದ್ದು ಬಾಕ್ಸರುಗಳು ಮೆತ್ತಗಾದದ್ದರಿಂದಲ್ಲ. 1982ರ ನವೆಂಬರಿನಲ್ಲಿ ಲಾಸ್ ವೇಗಾಸ್‌ನಲ್ಲಿ ರೇ ಮಾನ್ಸಿನಿ ಎದುರು ಹದಿನಾಲ್ಕನೇ ಸುತ್ತಿನಲ್ಲಿ ಬಿದ್ದ ಕೊರಿಯಾದ ಡಕ್ ಕೂ ಕಿಮ್ ಕೆಲವೇ ದಿನಗಳಲ್ಲಿ ಸತ್ತ. ಅದಾದ ಮೇಲೆ ಸಂಸ್ಥೆಗಳು ಒಂದೊಂದಾಗಿ ಹನ್ನೆರಡಕ್ಕೆ ಇಳಿದವು. ‘ಇಂದಿನವರಿಗೆ ಹದಿನೈದು ಸುತ್ತಿನ ದಮ್ಮಿಲ್ಲ’ ಎನ್ನುವಾಗ ನಾನು ಏನನ್ನು ಕೊರತೆ ಎನ್ನುತ್ತಿದ್ದೆ? ಒಬ್ಬ ಸತ್ತದ್ದರಿಂದ ಕಲಿತ ಪಾಠವನ್ನು.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತು ನನಗೆ ಗೊತ್ತು. ಆ ಬಾಕ್ಸರುಗಳು ತಾವಾಗಿಯೇ ರಿಂಗಿಗೆ ಬಂದರು, ಅವರ ಧೈರ್ಯವನ್ನು ಬರೀ ಗಾಯವೆಂದು ನೋಡಿ ಕನಿಕರಪಡುವುದು ಅವರಿಗೆ ಮಾಡುವ ಅವಮಾನ. ಇದರಲ್ಲಿ ಸತ್ಯವಿದೆ. 1975ರಲ್ಲಿ ಮನಿಲಾದಲ್ಲಿ ಹದಿನಾಲ್ಕು ಸುತ್ತು ಮುಗಿದ ಮೇಲೆ ಫ್ರೇಜಿಯರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ತರಬೇತುದಾರ ಎಡ್ಡಿ ಫಚ್ ಪಂದ್ಯ ನಿಲ್ಲಿಸಿದಾಗ ಫ್ರೇಜಿಯರ್ ಒಪ್ಪಲಿಲ್ಲ, ಇನ್ನೂ ಆಡುತ್ತೇನೆಂದ. ಆ ಹಠವನ್ನು ಮೆಚ್ಚದಿರಲು ನನ್ನಿಂದಾಗದು. ಆದರೆ ಆಗ ಅಲ್ಲಿದ್ದ ಇನ್ನೊಬ್ಬನನ್ನೂ ನಾನು ನೋಡಲು ಕಲಿತಿದ್ದೇನೆ. ಒಂದು ಸುತ್ತು ಬಾಕಿಯಿದ್ದಾಗ, ಜಗತ್ತೆಲ್ಲ ನೋಡುತ್ತಿದ್ದಾಗ, ತನ್ನ ಹುಡುಗನಿಗೆ ಸಾಕು ಎಂದ ಫಚ್. ಆ ಕಾಲದ ಬಲದ ಲೆಕ್ಕದಲ್ಲಿ ಅವನನ್ನು ಎಲ್ಲಿ ಬರೆಯಬೇಕು?

ಹೋಲಿಕೆಯನ್ನು ನಾನು ಬಿಟ್ಟಿಲ್ಲ. ಕಾಲಗಳನ್ನು ಹೋಲಿಸಬಾರದು ಎಂದರೆ ಲ್ಯಾಂಗ್‌ಫರ್ಡ್‌ಗೆ ಆದ ಅನ್ಯಾಯವನ್ನೂ ಹೇಳಲಾಗದು. ಅನ್ಯಾಯ ಎನ್ನಬೇಕಾದರೂ ಇನ್ನೊಂದು ಕಾಲವನ್ನು ಪಕ್ಕದಲ್ಲಿಟ್ಟು ನೋಡಲೇಬೇಕು. ಹಾಗೆ ನೋಡಿದಾಗ ಇಂದಿನ ಹೆವಿವೇಟ್‌ನ ಒಂದು ಬಲ ನನಗೆ ಕಾಣುತ್ತದೆ. ಕೀವ್‌ನವನು, ಲಂಡನ್ನಿನವನು, ಲಾಸ್ ಏಂಜಲೀಸ್‌ನವನು, ಎಲ್ಲರೂ ಒಂದೇ ತಕ್ಕಡಿಯನ್ನು ಹತ್ತಬಹುದು. ಅದೇ ಕಾಲದ ದೌರ್ಬಲ್ಯವೂ ಕಾಣುತ್ತದೆ. ನಾಲ್ಕು ಪಟ್ಟಗಳ ಹಿಂದೆ ಅಡಗಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ವರ್ಷಗಳನ್ನು ಕಳೆಯಬಹುದು. ಯಾರಿಗೆ ಒಳಗೆ ಬರಲು ಬಿಟ್ಟರು, ಬಂದವರು ಯಾರನ್ನು ಎದುರಿಸಿದರು, ಸೋತು ಹೊರಟವನನ್ನು ಏನು ಮಾಡಿದರು ಎಂದು ಒಂದು ಕಾಲವನ್ನು ಕೇಳಬಹುದು. ಯಾರು ಯಾರನ್ನು ಹೊಡೆಯುತ್ತಿದ್ದರು ಎಂಬ ಪ್ರಶ್ನೆಯನ್ನು ಆ ಕಂಪ್ಯೂಟರಿಗೇ ಬಿಟ್ಟಿದ್ದೇನೆ. ಅದು ಕೇಳಿದವರಿಗೆ ಬೇಕಾದ ಉತ್ತರ ಕೊಡುತ್ತದೆ.

ಆ ನೋಟ್‌ಬುಕ್ ಈಗ ಎಲ್ಲಿದೆಯೋ. ರೂಮ್‌ಮೇಟಿನ ಪ್ರಶ್ನೆಗೆ ಇವತ್ತಿಗೂ ನಾನು ಉತ್ತರ ಕೊಟ್ಟಿಲ್ಲ, ಅವನೂ ಮತ್ತೆ ಕೇಳಿಲ್ಲ. ಕೆಲವು ರಾತ್ರಿ 1973ರ ಫೆಬ್ರವರಿಯಲ್ಲಿ ಕ್ವಾರಿ ಲೈಲ್‌ನನ್ನು ಸೋಲಿಸಿದ ಪಂದ್ಯವನ್ನು ಹಾಕಿಕೊಂಡು ನೋಡುತ್ತೇನೆ. ಅಲ್ಲಿ ಯಾವ ಪಟ್ಟವೂ ಇರಲಿಲ್ಲ. ಹನ್ನೆರಡು ಸುತ್ತು, ಒಬ್ಬ ಸೆರೆಮನೆಯಲ್ಲಿ ಬಾಕ್ಸಿಂಗ್ ಕಲಿತವನು, ಇನ್ನೊಬ್ಬ ಕೂಲಿಗಳ ಮಗ. ಕ್ವಾರಿ ಅಂದು ಚೆಲುವಾಗಿ ಆಡಿದ್ದಾನೆ. ಮುಂಚೆ ಅವನು ಕೊಟ್ಟ ಹೊಡೆತಗಳನ್ನು ಎಣಿಸುತ್ತಿದ್ದೆ. ಈಗ, ಬೇಡವೆಂದರೂ, ಅವನ ತಲೆಗೆ ಬೀಳುವ ಹೊಡೆತಗಳನ್ನೂ ಎಣಿಸುತ್ತೇನೆ.